ಹಳೇ ನಗರ ನಕ್ಷೆಯ ಪ್ರಿಂಟ್ ಕೊಳ್ಳುವ ಮುನ್ನ ನನ್ನ ಕಥೆ ಕೇಳಿ

ಗೋಡೆಗೆ ಹಾಕಲು ಹಳೇ ಕಾಲದ ಪನೋರಮಾ ನಗರ ನಕ್ಷೆಯ ಪ್ರಿಂಟ್ ಹುಡುಕುತ್ತಿದ್ದೀರಾ? ದುಡ್ಡು ಕಟ್ಟುವ ಮೊದಲು ಒಂದೈದು ನಿಮಿಷ ಇಲ್ಲಿ ಕೊಡಿ.

ಇವು ಬರೀ ಗೆರೆಗಳ ನಕ್ಷೆಗಳಲ್ಲ. ಹಾರುವ ಹಕ್ಕಿ ಓರೆಯಾಗಿ ನೋಡಿದಂತೆ ಇಡೀ ಊರನ್ನು ಬರೆದಿರುತ್ತಾರೆ. ಮನೆ, ಕಿಟಕಿ, ದೋಣಿ, ಚಿಮಣಿಯ ಹೊಗೆ, ಒಂದನ್ನೂ ಬಿಟ್ಟಿರುವುದಿಲ್ಲ. ದೂರದಿಂದ ಚೆಂದ. ಮೂಗು ತಾಗುವಷ್ಟು ಹತ್ತಿರ ಹೋದರೆ ಇನ್ನೂ ಚೆಂದ. ನಾನು ಏಮಾರಿದ್ದು ಈ ಹತ್ತಿರದ ವಿಷಯದಲ್ಲೇ.

ನನಗೆ ಬೇಕಾಗಿದ್ದದ್ದು 1500ರಲ್ಲಿ ಬಂದ ವೆನಿಸ್ ನೋಟ, ಯಾಕೊಪೊ ದೆ ಬಾರ್ಬರಿ ಬರೆದದ್ದು. ಆರು ಮರದ ಅಚ್ಚು, ಆರು ಹಾಳೆ. ಜೋಡಿಸಿದರೆ ಸುಮಾರು 1.3 ಮೀಟರ್ ಎತ್ತರ, 2.8 ಮೀಟರ್ ಅಗಲ. ಅದರಲ್ಲೂ ನನಗೆ ಆಸೆ ಇದ್ದದ್ದು ಸೇಂಟ್ ಮಾರ್ಕ್ ಚೌಕದ ಗಂಟೆ ಗೋಪುರದ ಮೇಲೆ. 1489ರಲ್ಲಿ ಸಿಡಿಲು ಬಡಿದು ಅದರ ಚೂಪು ತುದಿ ಸುಟ್ಟುಹೋಗಿತ್ತು. ಅದಕ್ಕೇ ಮೊದಲ ಮುದ್ರಣದಲ್ಲಿ ಗೋಪುರದ ತಲೆ ಚಪ್ಪಟೆ, ತಾತ್ಕಾಲಿಕ ಚಾವಣಿ. ಮುಂದೆ ಗೋಪುರ ರಿಪೇರಿಯಾದಾಗ ಅಚ್ಚನ್ನೂ ತಿದ್ದಿ ಹೊಸ ತುದಿ ಕೂರಿಸಿದರು. ಆ ಒಂದು ಚಾವಣಿ ನೋಡಿದರೆ ಸಾಕು, ಎಷ್ಟೋ ವಿಷಯ ಗೊತ್ತಾಗುತ್ತದೆ. ಮನೆಗೆ ಬಂದವರಿಗೆ ಇದನ್ನು ತೋರಿಸಿ ಸ್ವಲ್ಪ ಜಂಬ ಪಡಬೇಕು ಅಂತ ನನ್ನ ಲೆಕ್ಕ.

ಮಾರುವವರು ಹಾಕಿದ್ದ ಫೋಟೋದಲ್ಲಿ ಸೋಫಾ ಮೇಲಿನ ಗೋಡೆಯಲ್ಲಿ ನಕ್ಷೆ ಮಿಂಚುತ್ತಿತ್ತು. ‘ಅಪರೂಪದ ಸಂಗ್ರಹದಿಂದ’, ‘ಸೀಮಿತ ಪ್ರತಿ’, ಜೊತೆಗೆ ಸಹಿ ಮಾಡಿದ ಪ್ರಮಾಣಪತ್ರ ಬೇರೆ. ಅಳತೆ 36 ಇಂಚು ಅಗಲ, 24 ಇಂಚು ಎತ್ತರ. ಇಲ್ಲೇ ನಾನು ನಿಲ್ಲಬೇಕಿತ್ತು. ಮೂಲ ನಕ್ಷೆಯ ಅಗಲ ಅದರ ಎತ್ತರದ ಎರಡು ಪಟ್ಟಿಗಿಂತ ಜಾಸ್ತಿ. ಈ ಹಾಳೆಯಲ್ಲಿ ಒಂದೂವರೆ ಪಟ್ಟು. ಹಾಗಾದರೆ ಉಳಿದದ್ದು ಎಲ್ಲಿ ಹೋಯಿತು? ಕತ್ತರಿಗೆ! ಕಾಲು ಭಾಗಕ್ಕಿಂತ ಜಾಸ್ತಿ ವೆನಿಸ್ ಮಾಯ. ಮೀನಿನಂತೆ ಕಾಣುವ ಊರಿಗೆ ಬಾಲವೇ ಇರಲಿಲ್ಲ. ಅಂಚಿನಲ್ಲಿ ಕೆನ್ನೆ ಉಬ್ಬಿಸಿ ಊದುವ ಗಾಳಿಯ ಮುಖಗಳಲ್ಲೂ ಕೆಲವು ಹೋಗಿದ್ದವು.

ಗೋಪುರದ ಗತಿ ಕೇಳಬೇಡಿ. ಒದ್ದೆ ಬೆರಳಲ್ಲಿ ಒರೆಸಿದ ಮಸಿಯಂತಿತ್ತು. ದೂರು ಕೊಟ್ಟರೆ ಬಂದ ಉತ್ತರ: “ಹಳೇದಲ್ವಾ, ಹಾಗೇ ಇರೋದು.” ಐನೂರು ವರ್ಷದ ಹಿಂದಿನ ಮರಗೆಲಸದವರ ತಲೆಗೆ ಕಟ್ಟಿದರು ನೋಡಿ! ಬಿಡದೆ ಕೇಳಿದ ಮೇಲೆ ಅವರು ಬಳಸಿದ ಫೈಲ್ ಕಳಿಸಿದರು. ಅಗಲ 1,600 ಪಿಕ್ಸೆಲ್. 36 ಇಂಚಿಗೆ ಹಂಚಿದರೆ ಇಂಚಿಗೆ 44. ಹತ್ತಿರದಿಂದ ನೋಡುವ ಇಂಥ ಚಿತ್ರಕ್ಕೆ ಇಂಚಿಗೆ 300 ಇದ್ದರೆ ಒಳ್ಳೆಯದು, 150ಕ್ಕಿಂತ ಕೆಳಗೆ ಬೇಡ. ಅಂದರೆ 36 ಇಂಚಿಗೆ ಕನಿಷ್ಠ 5,400 ಪಿಕ್ಸೆಲ್ ಬೇಕು.

ಜಗಳವಾದ ಮೇಲೆ ಇನ್ನೊಂದು ಪ್ರತಿ ಬಂತು, ‘ಸ್ಪಷ್ಟಗೊಳಿಸಿದ್ದು’ ಅಂತ. ಇದು ಮೊದಲಿನದಕ್ಕಿಂತ ಮೋಸ. ಅದೇ ಫೈಲನ್ನು ಯಾವುದೋ ಸಾಫ್ಟ್‌ವೇರಿಗೆ ತಿನ್ನಿಸಿ ದೊಡ್ಡದು ಮಾಡಿದ್ದರು. ಗೆರೆಗಳೆಲ್ಲ ಚೂಪು, ಆದರೆ ಎಲ್ಲ ಸುಳ್ಳು. ಅಕ್ಷರಗಳು ಯಾವ ಭಾಷೆಯವೂ ಅಲ್ಲ. ನನ್ನ ಗೋಪುರದ ತಲೆ ಮೇಲೆ ಈರುಳ್ಳಿಯಂಥ ಗುಮ್ಮಟ! ಮಸುಕಾಗಿದ್ದರೆ ಮಸುಕು ಅಂತಾದರೂ ಗೊತ್ತಾಗುತ್ತದೆ. ಇದು ನೋಡಿದವರನ್ನು ನಂಬಿಸಿಬಿಡುತ್ತದೆ. ಅದಕ್ಕೇ ಕೊಳ್ಳುವಾಗ ಸೋಫಾದ ಫೋಟೋ ಬೇಡ, ನಕ್ಷೆಯ ಒಂದು ಮೂಲೆಯನ್ನು ಹತ್ತಿರದಿಂದ ತೆಗೆದ ಫೋಟೋ ಕೇಳಿ. ಕೊಡಲು ಸತಾಯಿಸಿದರೆ ಅಲ್ಲಿಗೇ ಬಿಡಿ.

ನಾಲ್ಕೂ ಅಂಚು ಪೂರ್ತಿ ಇದೆಯಾ ಅಂತಲೂ ಕೇಳಿ. ಅಮೆರಿಕದ ನಕ್ಷೆಗಳಲ್ಲಿ ಇದು ಇನ್ನೂ ಮುಖ್ಯ. 19ನೇ ಶತಮಾನದ ಕೊನೆಯಲ್ಲಿ ಅಲ್ಲಿ ಸಣ್ಣಪುಟ್ಟ ಊರುಗಳಿಗೂ ಇಂಥ ನಕ್ಷೆ ಬರೆದು, ಕಲ್ಲಚ್ಚಿನಲ್ಲಿ ಒತ್ತಿ ಮಾರುತ್ತಿದ್ದರು. ಟಿ. ಎಂ. ಫೌಲರ್ ಒಬ್ಬನೇ 400ಕ್ಕೂ ಹೆಚ್ಚು ಮಾಡಿದ. ಇವುಗಳಲ್ಲಿ ಎಷ್ಟೋ ನಕ್ಷೆಗಳ ಕಟ್ಟಡಗಳ ಮೇಲೆ ನಂಬರ್ ಇರುತ್ತದೆ, ಅದು ಚರ್ಚೋ ಕಾರ್ಖಾನೆಯೋ ಅನ್ನುವ ಪಟ್ಟಿ ಕೆಳಗಿನ ಅಂಚಿನಲ್ಲಿ. ಫ್ರೇಮಿಗೆ ಹೊಂದಿಸಲು ಆ ಅಂಚನ್ನೇ ಕತ್ತರಿಸಿದರೆ ಆ ನಂಬರುಗಳನ್ನು ಇಟ್ಟುಕೊಂಡು ಏನು ಮಾಡುವುದು?

ಹೊಟ್ಟೆ ಉರಿದದ್ದು ಆಮೇಲೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇಂಥ ನೂರಾರು ನಕ್ಷೆಗಳನ್ನು ಸ್ಕ್ಯಾನ್ ಮಾಡಿ ಆನ್‌ಲೈನಲ್ಲಿ ಪುಕ್ಕಟೆ ಇಟ್ಟಿದೆ. ದೊಡ್ಡ ಫೈಲ್, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಎಷ್ಟೋ ಕಡೆ ‘ಅಪರೂಪದ ಸಂಗ್ರಹ’ ಅಂದರೆ ಇದೇ!

ಈಗ ಫೌಲರನ ಒಂದು ಪೆನ್ಸಿಲ್ವೇನಿಯಾ ಊರನ್ನು ಇಳಿಸಿಕೊಂಡಿದ್ದೇನೆ. ಈ ಸಲ ಪೂರ್ತಿ ಹಾಳೆ ಹೊಡೆಸುವ ಮೊದಲು ಅಂಗೈಯಷ್ಟು ತುಂಡನ್ನು ಪೂರ್ತಿ ಅಳತೆಯಲ್ಲೇ ಪ್ರಿಂಟ್ ಮಾಡಿಸಿದೆ. ರಸ್ತೆ ಹೆಸರು ಓದಲು ಬಂತು. ಪಿಗ್ಮೆಂಟ್ ಇಂಕ್ ಇರುವ ಕಡೆಯೇ ಕೊಟ್ಟಿದ್ದೇನೆ, ಬಿಸಿಲಿಗೆ ಬೇಗ ಬಿಳಿಚಿಕೊಳ್ಳುವುದಿಲ್ಲ. ಆದರೂ ಕಿಟಕಿಯ ಎದುರು ಗೋಡೆಗೆ ಹಾಕುವುದಿಲ್ಲ.

ಈರುಳ್ಳಿ ಗುಮ್ಮಟದ ವೆನಿಸ್ ಬೀರುವಿನ ಹಿಂದೆ ಸುರುಳಿ ಸುತ್ತಿಕೊಂಡು ಕೂತಿದೆ. ಪ್ರಮಾಣಪತ್ರವೂ ಅದರ ಜೊತೆಗೇ.