ಮಡಚುವ ಅಳಗುಳಿ ಮಣೆ: ಮಣೆ ಸರಿ, ಕಾಳು ಬದಲಿಸಿ

ಕರಕುಶಲ ಅಂಗಡಿಗಳಲ್ಲೂ ಆನ್‌ಲೈನ್‌ನಲ್ಲೂ ಸಿಗುವ ಮಡಚುವ ಅಳಗುಳಿ ಮಣೆ (ಕರಾವಳಿಯವರ ಚೆನ್ನೆಮಣೆ) ನಾಲ್ಕೈದು ವರ್ಷದ ಮಕ್ಕಳ ಎಣಿಕೆಗೆ ಬಲು ಒಳ್ಳೆಯ ಸಾಧನ. ಗೋಡೆಗೆ ತೂಗುಹಾಕುವ ಅಂಕಿ ಚಾರ್ಟಿಗಿಂತಂತೂ ಎಷ್ಟೋ ಮೇಲು. ಆದರೆ ಜೊತೆಗೆ ಬರುವ ಕಾಳು, ನಿಯಮದ ಚೀಟಿ ಎರಡೂ ಈ ವಯಸ್ಸಿಗೆ ಹೊಂದುವುದಿಲ್ಲ.

ಸಾಲಿಗೆ 7ರಂತೆ ಎರಡು ಸಾಲು, ಒಟ್ಟು 14 ಗುಳಿ. ಕೊಳ್ಳುವಾಗ ಮೊದಲು ನೋಡಬೇಕಾದ್ದು ಗುಳಿಯ ಆಳ. ತಟ್ಟೆಯ ಹಾಗೆ ಚಪ್ಪಟೆಯಾಗಿದ್ದರೆ ಬಿಟ್ಟ ಕಾಳು ಪುಟಿದು ಪಕ್ಕದ ಗುಳಿ ಸೇರುತ್ತದೆ, ಲೆಕ್ಕ ಅಲ್ಲಿಗೇ ಕೆಟ್ಟಿತು. ನಡುವಿನ ಕೀಲು ಉಬ್ಬಿದ್ದರೆ ಮಣೆ ನೆಲದ ಮೇಲೆ ಅಲುಗಾಡುತ್ತದೆ.

ಇನ್ನು ಕಾಳು. ಕವಡೆ ನೋಡಲು ಚೆಂದ, ಆದರೆ ಐದಾರಕ್ಕೇ ಗುಳಿ ತುಂಬಿಬಿಡುತ್ತದೆ. ಗಾಜಿನ ಮಣಿ, ಮಂಜೊಟ್ಟಿ (ನುಣುಪಾದ ಕೆಂಪು ಬೀಜ) ಎಳೆ ಬೆರಳಿನಿಂದ ಜಾರುತ್ತವೆ. ಕೆಂಪು ಮೈಗೆ ಕಪ್ಪು ಚುಕ್ಕೆಯ ಗುಲಗಂಜಿಯನ್ನು ಮಕ್ಕಳಿರುವ ಮನೆಗೆ ತರಲೇಬೇಡಿ, ಅಗಿದು ನುಂಗಿದರೆ ಪ್ರಾಣಕ್ಕೆ ಅಪಾಯ. ತೊಳೆದು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿದ ಹುಣಸೆ ಬೀಜ ಎಲ್ಲಕ್ಕಿಂತ ವಾಸಿ: ಉರುಳುವುದಿಲ್ಲ, ಹಿಡಿತಕ್ಕೆ ಸಿಗುತ್ತದೆ. ಹುಳು ಕೊರೆದದ್ದನ್ನು ಆರಿಸಿ ಎಸೆಯಿರಿ. ಮೂರು ತುಂಬದ ಮಗು ಮನೆಯಲ್ಲಿದ್ದರೆ ಮಣೆಯನ್ನು ಅಟ್ಟಕ್ಕೇರಿಸುವುದೇ ಒಳ್ಳೆಯದು. ಇಷ್ಟು ಸಣ್ಣ ಕಾಳು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.

ದೊಡ್ಡವರು ಗುಳಿಗೆ ನಾಲ್ಕೋ ಐದೋ ಕಾಳು ತುಂಬಿ ಆಟ ಹೂಡುತ್ತಾರೆ, ಅಂದರೆ 56 ಇಲ್ಲವೇ 70 ಕಾಳು. ಮಕ್ಕಳಿಗೆ ಅಷ್ಟು ಬೇಡ. ಮೊದಲು ಒಂದೇ ಸಾಲು ಸಾಕು. ಅಂಗೈಗೆ 5 ಕಾಳು ಕೊಟ್ಟು, ಬಾಯಲ್ಲಿ ಎಣಿಸುತ್ತಾ ಗುಳಿಗೊಂದರಂತೆ ಬಿಡಲು ಹೇಳಿ. ಬಾಯಿ ಕೈಗಿಂತ ಮುಂದೆ ಓಡುವುದು ಎಲ್ಲ ಮಕ್ಕಳಲ್ಲೂ ಕಾಣುವ ತಪ್ಪು. ಕಾಳು ಬಿದ್ದ ಟಕ್ ಸದ್ದು ಕೇಳಿದ ಮೇಲೆಯೇ ಅಂಕಿ ಹೇಳಬೇಕೆಂದು ಕಟ್ಟು ಹಾಕಿದರೆ ಓಟ ತಗ್ಗುತ್ತದೆ. ಬಿಟ್ಟಾದ ಮೇಲೆ "ಒಟ್ಟು ಎಷ್ಟು ಕಾಳು?" ಎಂದು ಕೇಳಿ. ಮಗು ಮತ್ತೆ ಒಂದರಿಂದ ಎಣಿಸತೊಡಗಿದರೆ, ಕೊನೆಗೆ ಹೇಳಿದ ಅಂಕಿಯೇ ಒಟ್ಟು ಮೊತ್ತ ಎಂಬುದು ಇನ್ನೂ ಹೊಳೆದಿಲ್ಲ ಎಂದರ್ಥ. ತಿದ್ದಲು ಹೋಗಬೇಡಿ, ಮೂರೇ ಕಾಳಿಗೆ ಇಳಿಸಿ ಆಡಿಸಿ.

ಇದು ಕೂತ ಮೇಲೆ ಗುಳಿಗೆ ಎರಡರಂತೆ 28 ಕಾಳು ಹಾಕಿ ಎರಡೂ ಸಾಲು ಆಡಿಸಬಹುದು: ಒಂದು ಗುಳಿಯ ಕಾಳನ್ನೆಲ್ಲ ಎತ್ತಿ, ಅದರ ಮುಂದಿನ ಗುಳಿಯಿಂದ ಒಂದೊಂದೇ ಬಿಡುತ್ತಾ ಹೋಗುವುದು. ಆಗ ಎತ್ತಿದ ಗುಳಿಗೇ ಮೊದಲ ಕಾಳು ಬಿಡುವುದು, ಸಾಲು ತಿರುಗುವ ಮೂಲೆಯ ಗುಳಿ ಹಾರಿಸುವುದು, ಈ ಎರಡು ತಪ್ಪು ಶುರುವಾಗುತ್ತವೆ. ಎತ್ತಿದ ಗುಳಿಯ ಮೇಲೆ ಒಂದು ಬಾಟಲಿ ಮುಚ್ಚಳ ಬೋರಲು ಹಾಕಿ, ಮೊದಲ ತಪ್ಪು ನಿಲ್ಲುತ್ತದೆ.

ಚೀಟಿಯ ನಿಯಮಗಳಲ್ಲಿ ಉಳಿಸಿಕೊಳ್ಳಬೇಕಾದ್ದು ಒಂದೇ, ಅದೂ ಎಲ್ಲ ಕಡೆಯ ಆಟದಲ್ಲಿಲ್ಲ: ಗುಳಿಯಲ್ಲಿ ನಾಲ್ಕು ಕಾಳು ಕೂಡಿದರೆ ಆ ಸಾಲಿನವರು ಎತ್ತಿಕೊಳ್ಳುವುದು. ಮೂರು, ನಾಲ್ಕರವರೆಗಿನ ಗುಂಪನ್ನು ಎಣಿಸದೆಯೇ ಗುರುತಿಸುವ ಕಣ್ಣಳತೆ ಇದರಿಂದ ಪಳಗುತ್ತದೆ. ಎದುರಾಳಿಗಿಂತ ಮೊದಲು ನಾಲ್ಕನ್ನು ಕಾಣುವ ಆಸೆಗೆ ಮಗು ಬೆರಳಿಟ್ಟು ಎಣಿಸುವುದನ್ನು ತಾನಾಗಿ ಬಿಡುತ್ತದೆ.