ನಮ್ಮ ಹಳ್ಳಿ ಶಾಲೆಯ ಸೋಲಾರ್: ಐದು ವರ್ಷ ಬಳಸಿದ ಮೇಲೆ

ಶಾಲೆಯ ಮಾಳಿಗೆ ಮೇಲೆ ಸೋಲಾರ್ ಕೂತು ಐದು ವರ್ಷ ಆಯ್ತು. 330 ವ್ಯಾಟಿನ ಮೂರು ಪ್ಯಾನೆಲ್, ಒಂದು ಇನ್ವರ್ಟರ್, 12 ವೋಲ್ಟ್ 150 ಎಎಚ್‌ನ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನೋ ಅಳತೆ) ಎರಡು ಟ್ಯೂಬುಲರ್ ಬ್ಯಾಟರಿ, ಅಂದರೆ ಆಗಾಗ ನೀರು ತುಂಬಬೇಕಾದ ಬಗೆಯವು. ಕಂಪ್ಯೂಟರ್ ಪಾಠ ನನ್ನದಾದ್ದರಿಂದ ಇದರ ಉಸ್ತುವಾರಿಯೂ ನನ್ನ ತಲೆಗೇ ಬಂತು.

ಹಗಲು ಶಾಲೆಗೆ ದೀಪ ಅಷ್ಟೇನೂ ಬೇಕಿಲ್ಲ, ಕಿಟಕಿ ತೆರೆದರೆ ಸಾಕು. ಲಾಭ ಆಗಿದ್ದು ಲ್ಯಾಪ್‌ಟಾಪ್ ಕೋಣೆಗೆ. ಮುಂಚೆ ಕರೆಂಟ್ ಹೋದ ದಿನ ಬೋರ್ಡಿನ ಮೇಲೆ ಕೀಬೋರ್ಡಿನ ಚಿತ್ರ ಬರೆದು ಕಲಿಸಿದ್ದೂ ಉಂಟು. ಈಗ ಟೈಮ್ ಟೇಬಲ್‌ನಲ್ಲಿ ಇದ್ದ ಹಾಗೆ ಪಾಠ ನಡೆಯುತ್ತದೆ. ಹತ್ತು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್ ಸೇರಿ ಸುಮಾರು 750 ವ್ಯಾಟ್. ಮಧ್ಯಾಹ್ನದ ಬಿಸಿಲಿದ್ದರೆ ಹೆಚ್ಚುಕಮ್ಮಿ ಅಷ್ಟನ್ನೂ ಪ್ಯಾನೆಲ್ಲೇ ಹೊರುತ್ತದೆ. ಮೋಡ ಕವಿದರೆ ಬ್ಯಾಟರಿಯಲ್ಲಿ ಎರಡು ಪೀರಿಯಡ್. ಲೆಕ್ಕಕ್ಕೆ ಎರಡೂ ಬ್ಯಾಟರಿ ಸೇರಿ 3.6 ಯೂನಿಟ್ ಇದ್ದರೂ, ಅರ್ಧಕ್ಕಿಂತ ಜಾಸ್ತಿ ಇಳಿಸಿದರೆ ಅವು ಬೇಗ ಸೋಲುತ್ತವೆ.

ಬ್ಯಾಟರಿ ವಿಷಯದಲ್ಲಿ ನಾವು ಮಾಡಿದ ಎಡವಟ್ಟು ಕೇಳಿ. ಬೇಸಿಗೆ ರಜೆಗೆ ಬೀಗ ಹಾಕಿಕೊಂಡು ಹೋದೆವು. ಲೋಡ್ ಇಲ್ಲ, ಬಿಸಿಲು ಜೋರು, ಚಾರ್ಜ್ ಮಾತ್ರ ಆಗುತ್ತಲೇ ಇತ್ತು. ಬಂದು ನೋಡಿದರೆ ಬ್ಯಾಟರಿಯ ನೀರು ಒಳಗಿನ ಪ್ಲೇಟಿಗಿಂತ ಕೆಳಗೆ. ಡಿಸ್ಟಿಲ್ಡ್ ವಾಟರ್ ಹಾಕಿದರೂ ಒಂದು ಬ್ಯಾಟರಿ ಏಳಲೇ ಇಲ್ಲ. ಹಳೆಯದಕ್ಕೆ ಹೊಸದನ್ನು ಜೋಡಿಸಿದರೆ ಹೊಸದೂ ಹಾಳು, ಹಾಗಾಗಿ ಮೂರನೇ ವರ್ಷಕ್ಕೇ ಜೋಡಿ ಪೂರ್ತಿ ಬದಲಾಯಿಸಬೇಕಾಯ್ತು. ಹಾಕಿಕೊಟ್ಟವರು ಪ್ಯಾನೆಲ್‌ಗೆ 25 ವರ್ಷ ಅಂತ ಹತ್ತು ಸಲ ಹೇಳಿದ್ದರು. ರಜೆಯಲ್ಲಿ ನೀರು ನೋಡಿ ಅಂತ ಒಂದು ಸಲವೂ ಹೇಳಲಿಲ್ಲ.

ನಾಲ್ಕನೇ ವರ್ಷ ಇನ್ನೊಂದು ತಮಾಷೆ. ಮಕ್ಕಳೇ ನೆಟ್ಟ ಗಿಡ ಬೆಳೆದು ಒಂದು ಪ್ಯಾನೆಲ್‌ನ ಮೂಲೆಗೆ ನೆರಳು ಬಿತ್ತು. ಮೂಲೆ ತಾನೇ ಅಂದುಕೊಂಡು ಸುಮ್ನೆ ಇದ್ದೆ. ಪ್ಯಾನೆಲ್‌ಗಳು ಸೀರೀಸ್‌ನಲ್ಲಿ, ಅಂದರೆ ಒಂದಕ್ಕೊಂದು ಸರಪಳಿಯ ಹಾಗೆ ಜೋಡಿಸಿ ಇವೆ ಅಲ್ವಾ, ಒಟ್ಟು ಚಾರ್ಜೇ ತಗ್ಗಿತು. ಕೊಂಬೆ ಕಡಿಯೋಣ ಅಂದರೆ ಮಕ್ಕಳು ಸುತಾರಾಂ ಒಪ್ಪಲಿಲ್ಲ. ಕೊನೆಗೆ ಪ್ಯಾನೆಲ್ಲನ್ನೇ ಸರಿಸಿದೆವು.

ಧೂಳಿಗೆ ವಾರಕ್ಕೊಮ್ಮೆ ಬೆಳಗ್ಗೆ ನೀರು, ಒದ್ದೆ ಬಟ್ಟೆ. ಅಷ್ಟೇ. ಲೇಸರ್ ಪ್ರಿಂಟರ್ ಮಾತ್ರ ಇದಕ್ಕೆ ಹಾಕಬೇಡಿ, ಬಿಸಿಯಾಗುವಾಗ ಒಮ್ಮೆಲೇ ಎಳೆದು ಇನ್ವರ್ಟರ್ ಟ್ರಿಪ್ ಆಗುತ್ತದೆ. ಪರೀಕ್ಷೆ ಹಿಂದಿನ ದಿನವೇ ನಮಗದು ಗೊತ್ತಾಗಿದ್ದು!

ಐದಕ್ಕೆ ನಾಲ್ಕು ಸ್ಟಾರ್. ಮುಂದಿನ ಸಲ ಲಿಥಿಯಂ ಬ್ಯಾಟರಿ ಹಾಕಿಸುವ ಆಸೆ ಇದೆ, ನೀರಿನ ರಗಳೆ ಇರುವುದಿಲ್ಲ. ಆದರೆ ಈಗಿರುವ ಇನ್ವರ್ಟರ್ ಅದಕ್ಕೆ ಹೊಂದುತ್ತದಾ ಅಂತ ಮೊದಲು ಕೇಳಿಕೊಳ್ಳಬೇಕು. ಅಲ್ಲಿಯವರೆಗೆ ರಜೆ ಬಂದರೆ ಕೋಣೆಯ ಕೀಲಿ, ನೀರಿನ ಕ್ಯಾನ್ ಎರಡೂ ಶಾಲೆ ಪಕ್ಕದ ಮನೆಯ ಅಜ್ಜನ ಹತ್ತಿರ.