ಸೀಲ್ ಒಡೆಯಬೇಡಿ ಅಂದರೆ ಮೊದಲು ಸೀಲ್ ಒಡೆಯಿರಿ

ಯಾವ ದೇಶವೂ ಹೊರತರದ ಒಂದು ಸ್ಟಾಂಪ್ ಶೀಟನ್ನು ನಾನು ಎಂಟು ತಿಂಗಳು ಜೋಪಾನ ಮಾಡಿದ್ದೆ. ಬೀರುವಿನಲ್ಲಿ, ಬೆಳಕು ಬೀಳದ ಜಾಗದಲ್ಲಿ, ಎರಡು ದಪ್ಪ ರಟ್ಟುಗಳ ನಡುವೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಎರಡು ದೇಶಗಳ ಸ್ನೇಹದ ಸ್ಟಾಂಪ್ ಕೂಡಿಸುವ ಇನ್ನೊಬ್ಬರು ಇದೇ ಗುಂಡಿಗೆ ಬೀಳದಿರಲಿ ಅಂತ ಬರೆಯುತ್ತಿದ್ದೇನೆ.

ನನಗೆ ಜಂಟಿ ಬಿಡುಗಡೆಗಳ ಹುಚ್ಚು. ಎರಡು ದೇಶಗಳು ಮಾತಾಡಿಕೊಂಡು ಒಂದೇ ವಿಷಯ ಇಟ್ಟುಕೊಂಡು, ಸಾಮಾನ್ಯವಾಗಿ ಒಂದೇ ದಿನ, ತಂತಮ್ಮ ಸ್ಟಾಂಪ್ ತರುತ್ತವಲ್ಲ, ಅವು. 1959ರಲ್ಲಿ ಸೇಂಟ್ ಲಾರೆನ್ಸ್ ಜಲಮಾರ್ಗ ತೆರೆದಾಗ ಅಮೆರಿಕ ಮತ್ತು ಕೆನಡಾ ಒಂದೇ ಚಿತ್ರದ ಸ್ಟಾಂಪ್ ತಂದವು. ಹದ್ದು ಒಂದು ಕಡೆ, ಮೇಪಲ್ ಎಲೆ ಇನ್ನೊಂದು ಕಡೆ. ಭಾರತದ್ದೂ ಇಂಥವು ಬೇಕಾದಷ್ಟಿವೆ. 2003ರಲ್ಲಿ ದಕ್ಷಿಣ ಕೊರಿಯಾ ಜೊತೆ ತಂದದ್ದರಲ್ಲಿ ಜೈಪುರದ ಜಂತರ್ ಮಂತರ್ ಪಕ್ಕ ಅವರ ಹಳೆಯ ವೀಕ್ಷಣಾಲಯ ಚಿಯೊಮ್ಸಂಗ್ಡೆ ಇದೆ. ಮಾರನೇ ವರ್ಷ ಇರಾನ್ ಜೊತೆ ಕಬೀರ ಮತ್ತು ಅವರ ಕವಿ ಹಾಫಿಜ್. 2009ರಲ್ಲಿ ಫಿಲಿಪ್ಪೀನ್ಸ್ ಜೊತೆ ಗಂಗೆಯ ಡಾಲ್ಫಿನ್ ಮತ್ತು ಅವರ ಕಡಲಿನ ತಿಮಿಂಗಿಲ ಶಾರ್ಕ್. ಇದು ನನಗೆ ಎಲ್ಲಕ್ಕಿಂತ ಇಷ್ಟ. ಬಾವುಟ, ಕೈಕುಲುಕು ಏನೂ ಇಲ್ಲದೆ ಸ್ನೇಹ ಹೇಳಿದ್ದಾರೆ.

ನಾನು ಮೋಸಹೋದ ಶೀಟಿನಲ್ಲಿ ಅವೆರಡೂ ಇದ್ದವು. ಎರಡು ಬಾವುಟ, ನಡುವೆ ಕೈಕುಲುಕುವ ಚಿತ್ರ, ಕೆಳಗೆ ‘ಸ್ನೇಹದ 60 ವರ್ಷ’. ಆ ದೇಶಗಳ ಹೆಸರು ಹೇಳುವುದಿಲ್ಲ, ಅವುಗಳ ತಪ್ಪೇನಿಲ್ಲ. ಆನ್‌ಲೈನಿನಲ್ಲಿ ಮಾರುವ ಒಬ್ಬರು ಹಾಕಿದ್ದರು. ಅಂಚಿನಲ್ಲಿ ಪರ್ಫೊರೇಷನ್, ಅಂದರೆ ಸ್ಟಾಂಪ್ ಹರಿಯಲು ಹೊಡೆಯುವ ಸಾಲು ರಂಧ್ರ, ಬಿಟ್ಟುಹೋದ ಅಪರೂಪದ ಶೀಟು, ಕೊನೆಯ ಮೂರು ಪ್ರತಿ ಮಾತ್ರ ಉಳಿದಿವೆ ಎಂದಿತ್ತು.

ಯಾಕೆ ನಂಬಿದೆ ಅಂದರೆ, ಇಂಥ ತಪ್ಪುಗಳು ನಿಜವಾಗಿಯೂ ಆಗುತ್ತವೆ. ಮೇಲೆ ಹೇಳಿದ 1959ರ ಕೆನಡಾ ಸ್ಟಾಂಪನ್ನೇ ತಗೊಳ್ಳಿ. ಎರಡು ಬಣ್ಣಗಳನ್ನು ಬೇರೆಬೇರೆಯಾಗಿ ಅಚ್ಚು ಹಾಕುವಾಗ ಕೆಲವು ಹಾಳೆಗಳು ತಿರುಗಿ ಹೋಗಿ, ನಡುವಿನ ಚಿತ್ರ ತಲೆಕೆಳಗಾಯಿತು. ಅಂಥವು ಸುಮಾರು 400 ಇವೆ, ಸಂಗ್ರಹಕಾರರು ಅದಕ್ಕೆ ಪ್ರಾಣ ಬಿಡುತ್ತಾರೆ. ಆ ಕಥೆ ಗೊತ್ತಿದ್ದದ್ದೇ ನನಗೆ ಮುಳುವಾಯಿತು. ಏನೂ ಗೊತ್ತಿಲ್ಲದವನು ಸುಮ್ನೆ ಮುಂದೆ ಹೋಗುತ್ತಿದ್ದ. ಅರ್ಧ ಗೊತ್ತಿದ್ದ ನಾನು ಒಂದು ತಿಂಗಳ ಉಳಿತಾಯ ಸುರಿದೆ.

ಶೀಟು ಬಂತು. ಗಟ್ಟಿ ಪ್ಲಾಸ್ಟಿಕ್ ಹಾಳೆಯೊಳಗೆ ಸೀಲಾಗಿತ್ತು. ಮೇಲೊಂದು ಹೊಳೆಯುವ ಸ್ಟಿಕ್ಕರ್: ಸೀಲ್ ಒಡೆದರೆ ಗ್ಯಾರಂಟಿ ರದ್ದು, ಬೆಲೆಯೂ ಬೀಳುತ್ತದೆ. ಇಡೀ ಮೋಸದಲ್ಲಿ ಜಾಣತನ ಇದ್ದದ್ದು ಇಲ್ಲೇ. ಬೆಲೆ ಬಾಳುವ ವಸ್ತು ಅಂತ ನಂಬಿದವನು ಅದನ್ನು ಹಾಳುಮಾಡುತ್ತಾನಾ? ಒಡೆಯಲಿಲ್ಲ. ಪ್ಲಾಸ್ಟಿಕ್ ಮೇಲಿನಿಂದಲೇ ನೋಡಿ ಖುಷಿಪಟ್ಟೆ. ವಾಪಸು ಕೊಡುವ ಗಡುವು 30 ದಿನ. ಅದು ತನ್ನಷ್ಟಕ್ಕೆ ಮುಗಿದುಹೋಯಿತು.

ಕೊನೆಗೆ ಸೀಲ್ ಒಡೆಸಿದ್ದು ಅನುಮಾನವಲ್ಲ, ಆ ಪ್ಲಾಸ್ಟಿಕ್ಕೇ. ಎಂಟನೇ ತಿಂಗಳಿಗೆ ಅದು ಅಂಟಂಟಾಗಿ, ಒಂಥರಾ ವಾಸನೆ ಬರತೊಡಗಿತು. ಪಿವಿಸಿ ಇರಬೇಕು. ಪಿವಿಸಿಯನ್ನು ಮೆತ್ತಗಿಡಲು ಬೆರೆಸುವ ಎಣ್ಣೆಯಂಥ ವಸ್ತು ನಿಧಾನಕ್ಕೆ ಹೊರಗೆ ಬಂದು ಸ್ಟಾಂಪಿನ ಬಣ್ಣ, ಕಾಗದ ಎರಡನ್ನೂ ಕೆಡಿಸುತ್ತದೆ. ಸ್ಟಾಂಪ್ ಕೂಡಿಸುವವರೆಲ್ಲ ಪಿವಿಸಿ ಕಂಡರೆ ದೂರ ಓಡುವುದು ಇದಕ್ಕೇ. ಉಳಿಸಿಕೊಳ್ಳೋಣ ಅಂತ ಅಂಚು ಕತ್ತರಿಸಿ, ಚಿಮ್ಮಟದಲ್ಲಿ ಎಳೆದು ತೆಗೆದೆ.

ಲೆನ್ಸ್ ಹಿಡಿದ ತಕ್ಷಣ ಎದೆ ಧಸಕ್ಕೆಂದಿತು. ಪ್ರೆಸ್ಸಿನಲ್ಲಿ ಮಾಡುವ ಆಫ್‌ಸೆಟ್ ಮುದ್ರಣದಲ್ಲಿ ಬಣ್ಣದ ಚುಕ್ಕಿಗಳು ಲೆಕ್ಕ ಹಾಕಿದ ಹಾಗೆ ಸಾಲಾಗಿ, ಪುಟ್ಟ ಹೂವಿನಂತೆ ಗುಂಪಾಗಿ ಕೂತಿರುತ್ತವೆ. ಇಲ್ಲಿ ಯಾರೋ ರಂಗೋಲಿ ಪುಡಿ ಎರಚಿದ ಹಾಗಿತ್ತು. ಇಂಕ್‌ಜೆಟ್ ಪ್ರಿಂಟರಿನ ಕೆಲಸ. ಸಣ್ಣ ಅಕ್ಷರಗಳ ಅಂಚು ಕಲೆಸಿಹೋಗಿತ್ತು. ಹಿಂದೆ ಗೋಂದೇ ಇಲ್ಲ. ಪರ್ಫೊರೇಷನ್ ಬಿಟ್ಟುಹೋಗಿತ್ತು ಅಂದರಲ್ಲ, ಬಿಟ್ಟುಹೋಗುವ ಮಾತೆಲ್ಲಿ, ಅವರ ಹತ್ತಿರ ರಂಧ್ರ ಹೊಡೆಯುವ ಯಂತ್ರವೇ ಇರಲಿಲ್ಲವೇನೋ.

ಲೆನ್ಸ್ ಇಟ್ಟುಕೊಂಡರೆ ಸಾಕು ಅಂತ ಮಾತ್ರ ಅಂದುಕೊಳ್ಳಬೇಡಿ. ನನ್ನದು ಕಳಪೆ ಕೆಲಸ, ಸಿಕ್ಕಿಬಿತ್ತು. ಒಳ್ಳೆಯ ಪ್ರೆಸ್ಸಿನಲ್ಲಿ ಅಚ್ಚು ಹಾಕಿ, ಗೋಂದು ಬಳಿದು, ಚೆಂದವಾಗಿ ಪರ್ಫೊರೇಷನ್ ಹೊಡೆದವೂ ಬರುತ್ತವೆ. ಅವುಗಳ ಮುಂದೆ ಲೆನ್ಸ್ ಬಾಯಿ ಬಿಡುವುದಿಲ್ಲ. ಯಾಕೆಂದರೆ ಅವು ಯಾವುದರ ನಕಲೂ ಅಲ್ಲ. ಪಕ್ಕದಲ್ಲಿಟ್ಟು ಹೋಲಿಸೋಣ ಅಂದರೆ ಅಸಲಿ ಅನ್ನುವುದೇ ಇಲ್ಲ. ಯಾವುದೋ ದೇಶದ ಹೆಸರು ಹಾಕಿ, ಆ ದೇಶಕ್ಕೇ ಗೊತ್ತಿಲ್ಲದಂತೆ ಸ್ಟಾಂಪ್ ಅಚ್ಚು ಹಾಕಿ ಮಾರುವ ದಂಧೆ ಇದು. ಇದರ ಬಗ್ಗೆ ಅಂಚೆ ಇಲಾಖೆಗಳು ಕೊಟ್ಟ ದೂರುಗಳನ್ನು ವಿಶ್ವ ಅಂಚೆ ಒಕ್ಕೂಟ ಸುತ್ತೋಲೆ ಮಾಡಿ ಎಲ್ಲ ಸದಸ್ಯ ದೇಶಗಳಿಗೂ ಕಳಿಸುತ್ತದೆ. 1874ರಿಂದ ಇರುವ ಸಂಸ್ಥೆ ಅದು. ಆ ಸುತ್ತೋಲೆಗಳನ್ನು ನಾವೂ ಓದಬಹುದು. ನಾನು ಓದಿದ್ದು ದುಡ್ಡು ಹೋದ ಮೇಲೆ.

ಕಾಗದ ಎಷ್ಟೇ ಚೆನ್ನಾಗಿದ್ದರೂ ಸ್ನೇಹದ ಸ್ಟಾಂಪಿಗೆ ಒಂದು ಸುಲಭ ಪರೀಕ್ಷೆ ಇದೆ. ನನಗದು ಹೊಳೆಯಲೇ ಇಲ್ಲ. ಜಂಟಿ ಬಿಡುಗಡೆ ಅಂದರೆ ಮದುವೆ ಇದ್ದ ಹಾಗೆ, ಎರಡು ಮನೆಯಲ್ಲೂ ಅದರ ಸುದ್ದಿ ಇರಬೇಕು. ಒಂದು ದೇಶದ ಸ್ಟಾಂಪ್ ಮಾರಾಟಕ್ಕಿದೆ ಅಂದರೆ ಇನ್ನೊಂದು ದೇಶದ್ದು ಎಲ್ಲಿ ಅಂತ ಕೇಳಬೇಕು. ನನ್ನ ಶೀಟಿನಲ್ಲಿ ಎರಡೂ ದೇಶಗಳ ಹೆಸರು ಒಂದೇ ಸ್ಟಾಂಪಿನ ಮೇಲೆ ಸಮಸಮ ದೊಡ್ಡ ಅಕ್ಷರದಲ್ಲಿತ್ತು, ಬೆಲೆ ಮಾತ್ರ ಒಂದೇ ದೇಶದ ನಾಣ್ಯದಲ್ಲಿ. ಅಸಲಿ ಜೋಡಿಗಳಲ್ಲಿ ಪ್ರತಿ ದೇಶವೂ ತನ್ನ ಹೆಸರು, ತನ್ನ ನಾಣ್ಯ ಹಾಕಿ ತನ್ನ ಸ್ಟಾಂಪ್ ತರುತ್ತದೆ. ಗೆಳೆಯ ದೇಶದ ಹೆಸರು ಬಂದರೂ ಜಂಟಿ ಬಿಡುಗಡೆ ಅನ್ನುವ ಸಣ್ಣ ಸಾಲಿನಲ್ಲಿ ಬರುತ್ತದೆ. ನನ್ನ ಆಲ್ಬಂನಲ್ಲೇ ಇಂಥ ಹತ್ತಾರು ಜೋಡಿ ಇದ್ದವು. ತೆಗೆದು ಪಕ್ಕದಲ್ಲಿಟ್ಟು ನೋಡಿದ್ದರೆ ಐದು ನಿಮಿಷದ ಕೆಲಸ.

ಇದರಲ್ಲೂ ಒಂದು ತೊಡಕಿದೆ. ಒಂದೇ ದೇಶ ತಾನಾಗಿ ಗೆಳೆಯ ದೇಶದ ಗೌರವಕ್ಕೆ ಸ್ಟಾಂಪ್ ತರುವುದೂ ಉಂಟು. ಅದು ಅಸಲಿಯೇ, ಆದರೆ ಜಂಟಿ ಅಲ್ಲ. ಆಗ ಆ ದೇಶದ ಅಂಚೆ ಇಲಾಖೆಯ ಪಟ್ಟಿಯನ್ನೋ ಒಳ್ಳೆಯ ಕ್ಯಾಟಲಾಗನ್ನೋ ನೋಡಬೇಕು. 2002ರಿಂದ ಡಬ್ಲ್ಯೂಎನ್ಎಸ್ ಅಂತ ಒಂದು ಅಂತರರಾಷ್ಟ್ರೀಯ ಪಟ್ಟಿಯೂ ಇದೆ. ಅದರಲ್ಲಿ ಪ್ರತಿ ಸ್ಟಾಂಪಿಗೂ ಒಂದು ನಂಬರ್. ಎಲ್ಲ ದೇಶಗಳೂ ಅದಕ್ಕೆ ಸೇರಿಲ್ಲ, ಹಾಗಾಗಿ ಅಲ್ಲಿ ಇಲ್ಲ ಅಂದ ಮಾತ್ರಕ್ಕೆ ನಕಲಿ ಅನ್ನುವ ಹಾಗಿಲ್ಲ. ಸೇರಿದ ದೇಶದ ಹೊಸ ಸ್ಟಾಂಪು ಅಲ್ಲಿ ಕಾಣದಿದ್ದರೆ ಮಾತ್ರ ಕೈ ಹಿಂದಕ್ಕೆ ತಗೊಳ್ಳಿ.

ಪರ್ಸನಲೈಸ್ಡ್ ಸ್ಟಾಂಪುಗಳ ವಿಷಯದಲ್ಲೂ ಹುಷಾರು. ದುಡ್ಡು ಕೊಟ್ಟರೆ ಯಾರು ಬೇಕಾದರೂ ತಮ್ಮ ಚಿತ್ರ ಹಾಕಿಸಿಕೊಳ್ಳಬಹುದಾದ ಸ್ಟಾಂಪುಗಳು ಅವು. ಪಕ್ಕದ ಖಾಲಿ ಜಾಗದಲ್ಲಿ ಎರಡು ಬಾವುಟ ಹಾಕಿಸಿ ‘ಸ್ನೇಹದ ವಿಶೇಷ ಬಿಡುಗಡೆ’ ಅಂತ ಮಾರಿದರೆ ಸ್ಟಾಂಪ್ ಅಸಲಿ, ಕಥೆ ಸುಳ್ಳು.

ನಾನು ಎರಡೂ ದೇಶಗಳ ಸ್ಟಾಂಪ್ ವಿಭಾಗಕ್ಕೆ ಫೋಟೊ ಸಮೇತ ಬರೆದೆ. ಒಂದು ಕಡೆಯಿಂದ ಎರಡೇ ಸಾಲು ಬಂತು: ಇದು ನಮ್ಮದಲ್ಲ, ಎಲ್ಲಿ ಕೊಂಡಿರಿ ತಿಳಿಸಿ. ಇನ್ನೊಂದು ಕಡೆಯಿಂದ ಉತ್ತರವಿಲ್ಲ. ಮಾರಿದವರಿಗೆ ಆ ಎರಡು ಸಾಲು ಕಳಿಸಿದೆ. ಸೀಲ್ ಒಡೆದಿದ್ದೀರಿ, ನಮ್ಮ ಜವಾಬ್ದಾರಿ ಮುಗಿಯಿತು ಅಂದರು. ಕಾರ್ಡಿನ ಬ್ಯಾಂಕಿಗೆ ದೂರು ಕೊಟ್ಟೆ. ತುಂಬಾ ತಡವಾಯಿತು ಅಂತ ವಾಪಸು ಕಳಿಸಿದರು. ಸೀಲಿನ ಆಟ ಆಗ ಪೂರ್ತಿ ಅರ್ಥವಾಯಿತು. ಅವರು ಕಾಯುತ್ತಿದ್ದದ್ದೇ ಆ ಗಡುವುಗಳಿಗೆ. ಈಗ ಏನು ಬಂದರೂ ಅವತ್ತೇ ಒಡೆದು ನೋಡುತ್ತೇನೆ, ಒಡೆಯುವ ಮೊದಲು ನಾಲ್ಕೂ ಕಡೆಯಿಂದ ಫೋಟೊ ತೆಗೆಯುತ್ತೇನೆ. ‘ನೋಡಿದರೆ ಗ್ಯಾರಂಟಿ ಇಲ್ಲ’ ಅನ್ನುವವರ ಹತ್ತಿರ ಕೊಳ್ಳುವುದೇ ಇಲ್ಲ.

ಆ ಶೀಟನ್ನು ಹರಿದುಹಾಕಿಲ್ಲ, ಮಾರಿಯೂ ಇಲ್ಲ. ಮಾರಿದರೆ ನಾನೂ ಅವರ ಸಾಲಿಗೇ ಸೇರುತ್ತೇನೆ, ಅಲ್ವಾ? ಹಿಂದೆ ಪೆನ್ಸಿಲಿನಲ್ಲಲ್ಲ, ಪೆನ್ನಿನಲ್ಲೇ ‘ನಕಲಿ’ ಅಂತ ದಪ್ಪಗೆ ಬರೆದಿಟ್ಟಿದ್ದೇನೆ. ಮೊನ್ನೆ ಆ ಮಾರಾಟಗಾರರ ಪುಟ ಮತ್ತೆ ನೋಡಿದೆ. ಅದೇ ಫೋಟೊ, ಅದೇ ಕೈಕುಲುಕು. ಕೊನೆಯ ಮೂರು ಪ್ರತಿ ಇನ್ನೂ ಉಳಿದಿವೆಯಂತೆ.